ಓಟವೂ ಹಿಡಿತವೂ: ಅಮೆರಿಕದ ಮೋಟಾರು ಗಾಡಿಗಳ ಚರಿತ್ರೆಯ ಒಂದು ಅಧ್ಯಾಯ

ಚರಿತ್ರೆಯೆಂದರೆ ಅರಸರ ವಂಶಾವಳಿ ಮತ್ತು ಯುದ್ಧಗಳ ಇಸವಿಗಳು ಎಂದು ನಮ್ಮ ತರಗತಿಗಳಲ್ಲಿ ಅನೇಕ ಮಕ್ಕಳು ತಿಳಿದುಕೊಂಡಿರುತ್ತಾರೆ. ಮನುಷ್ಯನು ತನ್ನ ಕೈಯಿಂದ ಮಾಡಿಕೊಂಡ ವಸ್ತುಗಳಿಗೂ ಚರಿತ್ರೆಯುಂಟು. ಆ ವಸ್ತುಗಳಲ್ಲಿ ಉಳಿದುಹೋದ ದೋಷಗಳಿಗೂ ಚರಿತ್ರೆಯುಂಟು. ಒಂದು ದೋಷವು ಹೇಗೆ ಹುಟ್ಟಿತು, ಅದು ಯಾರಿಗೆ ತಿಳಿದಿತ್ತು, ತಿಳಿದೂ ಏಕೆ ಉಳಿಯಿತು, ಕೊನೆಗೆ ಯಾರು ಅದನ್ನು ಎತ್ತಿ ತೋರಿಸಿದರು ಎಂದು ವಿಚಾರಿಸುತ್ತ ಹೋದರೆ ಒಂದು ಸಮಾಜದ ಮನಸ್ಸೇ ನಮ್ಮ ಕಣ್ಣಿಗೆ ಬೀಳುತ್ತದೆ.

ಅಂತಹ ಒಂದು ಚರಿತ್ರೆಯನ್ನು ಇಲ್ಲಿ ನಿರೂಪಿಸಲು ಉದ್ದೇಶಿಸಿದ್ದೇವೆ. 1959ರಿಂದ 1973ರವರೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ತಯಾರಾದ ಚಿಕ್ಕ ಗಾಡಿಗಳೂ, ಅವುಗಳ ಬೆನ್ನಿಗೇ ಬಂದ 'ಮಸಲ್ ಕಾರು'ಗಳೆಂಬ ಮಹಾಬಲದ ಗಾಡಿಗಳೂ ನಮ್ಮ ವಿಷಯ. ಮಹಾಬಲದ ಗಾಡಿಗಳು ನೇರವಾದ ಓಟದಲ್ಲಿ ಅಸಾಧಾರಣವಾಗಿದ್ದವು. ತಿರುವಿನಲ್ಲಿ ತಿರುಗುವುದರಲ್ಲಿಯೂ ಬೇಕೆಂದಾಗ ನಿಲ್ಲುವುದರಲ್ಲಿಯೂ ಹಿಂದೆ ಬಿದ್ದವು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶಕ್ಕೆ ಒಂದು ಗಾಡಿಯ ಅಚ್ಚನ್ನು ಸರಿಪಡಿಸುವ ವಿದ್ಯೆ ಇರಲಿಲ್ಲವೆಂದು ಯಾರೂ ಹೇಳಲಾರರು. ವಿದ್ಯೆಯಿತ್ತು. ಇದ್ದ ವಿದ್ಯೆ ಗಾಡಿಯನ್ನು ಸೇರಲು ಏಕೆ ತಡವಾಯಿತೆಂಬುದೇ ಈ ಲೇಖನದ ಪ್ರಶ್ನೆ.

ಬಂಡಿಯ ಅಚ್ಚು, ಮೋಟಾರಿನ ಅಚ್ಚು

ವಿಷಯವನ್ನು ಗ್ರಹಿಸಲು ನಮ್ಮ ಎತ್ತಿನ ಬಂಡಿಯನ್ನೇ ಮೊದಲು ನೋಡೋಣ. ಬಂಡಿಯ ಎರಡು ಗಾಲಿಗಳ ನಡುವೆ ಒಂದೇ ಅಚ್ಚು. ಎಡಗಾಲಿ ಹಳ್ಳಕ್ಕೆ ಇಳಿದರೆ ಅಚ್ಚು ಓರೆಯಾಗುತ್ತದೆ. ಅಚ್ಚು ಓರೆಯಾದರೆ ಬಲಗಾಲಿಯೂ ಓರೆಯಾಗುತ್ತದೆ. ಎತ್ತಿನ ನಡಿಗೆಯ ವೇಗದಲ್ಲಿ ಇದರಿಂದ ಕುಳಿತವರಿಗೆ ಕುಲುಕಾಟವೇ ಹೊರತು ಬೇರೆ ಹಾನಿಯಿಲ್ಲ.

ಮೋಟಾರು ಗಾಡಿಯ ಹಿಂದಿನ ಚಕ್ರಗಳಿಗೂ ಬಹುಕಾಲ ಇದೇ ರೀತಿಯ ಒಂದೇ ಗಟ್ಟಿ ಅಚ್ಚಿತ್ತು. ಅಚ್ಚಿನ ಮೇಲೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಆ ಪಟ್ಟಿಗಳ ಮೇಲೆ ಗಾಡಿಯ ಒಡಲನ್ನು ಹೊರಿಸುತ್ತಿದ್ದರು. ನಮ್ಮ ಬಸ್ಸುಗಳಲ್ಲಿಯೂ ಲಾರಿಗಳಲ್ಲಿಯೂ ಈ ಪಟ್ಟಿ ಸ್ಪ್ರಿಂಗುಗಳನ್ನು ಎಲ್ಲರೂ ಕಂಡಿದ್ದಾರೆ. 2014ರವರೆಗೆ ನಮ್ಮ ದೇಶದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್ ಕಾರಿನ ಹಿಂಭಾಗದಲ್ಲಿಯೂ ಇದೇ ಏರ್ಪಾಡಿತ್ತು. ಇದು ಸರಳ, ಗಟ್ಟಿ, ಅಗ್ಗ. ಹಳ್ಳಿಯ ಕಮ್ಮಾರನೂ ಮುರಿದ ಪಟ್ಟಿಯನ್ನು ಬದಲಾಯಿಸಬಲ್ಲನು.

ಸ್ಪ್ರಿಂಗಿಗೆ ಎರಡು ಕೆಲಸಗಳಿವೆ. ಕುಳಿತವರ ಮೈಗೆ ಪೆಟ್ಟಾಗದಂತೆ ನೋಡಿಕೊಳ್ಳುವುದು ಒಂದು. ಟಯರು ಸದಾ ನೆಲಕ್ಕೆ ಒತ್ತಿಕೊಂಡಿರುವಂತೆ ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯದು ಗಿರಾಕಿಗೆ ಅಂಗಡಿಯಲ್ಲಿ ಕುಳಿತ ಕ್ಷಣದಲ್ಲೇ ತಿಳಿಯುತ್ತದೆ. ಎರಡನೆಯದು ತಿಳಿಯುವುದು ಮಳೆಯ ದಿನ, ಇಕ್ಕಟ್ಟಾದ ತಿರುವಿನಲ್ಲಿ, ಎದುರಿನಿಂದ ಮತ್ತೊಂದು ಗಾಡಿ ಬಂದಾಗ. ವೇಗವು ಎರಡರಷ್ಟಾದರೆ ತಿರುವಿನಲ್ಲಿ ಗಾಡಿಯನ್ನು ದಾರಿಯ ಮೇಲೆ ಹಿಡಿದಿಡಲು ಬೇಕಾಗುವ ಬಲವು ನಾಲ್ಕರಷ್ಟಾಗುತ್ತದೆ. ಆ ಬಲವನ್ನೆಲ್ಲ ಕೊಡಬೇಕಾದದ್ದು ನೆಲವನ್ನು ಮುಟ್ಟಿರುವ ಅಂಗೈ ಅಗಲದ ನಾಲ್ಕು ರಬ್ಬರಿನ ತುಂಡುಗಳು ಮಾತ್ರ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುವುದು.

ಅಂದಿನ ಅಮೆರಿಕ

ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದಲ್ಲಿ ಸಂಪತ್ತು ಉಕ್ಕಿ ಹರಿಯಿತು. ಪೆಟ್ರೋಲು ಅಗ್ಗವಾಗಿತ್ತು. ದಾರಿಗಳು ಅಗಲವಾಗಿಯೂ ನೇರವಾಗಿಯೂ ಇದ್ದವು. 1956ರ ಜೂನ್ 29ರಂದು ರಾಷ್ಟ್ರಾಧ್ಯಕ್ಷ ಐಸೆನ್‌ಹೋವರ್ ಅವರು ಸಹಿ ಮಾಡಿದ ಹೆದ್ದಾರಿ ಶಾಸನವು 41,000 ಮೈಲಿ ಉದ್ದದ ಮಹಾಮಾರ್ಗಗಳ ಜಾಲಕ್ಕೆ ಅಡಿಪಾಯ ಹಾಕಿತು. ಇಂತಹ ದಾರಿಗಳಲ್ಲಿ ದಿನವಿಡೀ ನೇರವಾಗಿ ಓಡುವವನಿಗೆ ಬೇಕಾದದ್ದು ತೊಟ್ಟಿಲಿನಂತೆ ತೂಗುವ ಮೆತ್ತನೆಯ ಸ್ಪ್ರಿಂಗು, ಬೆರಳಿನಿಂದಲೇ ತಿರುಗುವ ಹಗುರವಾದ ಸ್ಟಿಯರಿಂಗು. ಕಾರ್ಖಾನೆಗಳು ಅದನ್ನೇ ಕೊಟ್ಟವು. ಯುರೋಪಿನಲ್ಲಿ ದಾರಿಗಳು ಕಿರಿದು, ಅಂಕುಡೊಂಕು; ಪೆಟ್ರೋಲಿಗೆ ತೆರಿಗೆ ಹೆಚ್ಚು. ಅಲ್ಲಿಯ ಗಾಡಿಗಳು ಚಿಕ್ಕದಾಗಿ, ತಿರುವಿಗೆ ಹೊಂದಿಕೊಂಡು ಬೆಳೆದವು. ಗಾಡಿಯ ಗುಣವನ್ನು ದಾರಿಯೇ ರೂಪಿಸುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಕ್ಷೇಮದ ಮಾತನ್ನು ಯಾರೂ ಎತ್ತಲಿಲ್ಲವೆಂದು ತಿಳಿಯಬಾರದು. 1956ರ ಫೋರ್ಡ್ ಗಾಡಿಗಳಲ್ಲಿ ಸೊಂಟದ ಪಟ್ಟಿಯನ್ನೂ ಮೆತ್ತೆ ಹೊದಿಸಿದ ಮುಂಬದಿಯ ಹಲಗೆಯನ್ನೂ ಹೆಚ್ಚುವರಿ ಬೆಲೆಗೆ ಒದಗಿಸಿ, ಆ ಸಂಸ್ಥೆಯು ಅದನ್ನು ಜಾಹೀರಾತಿನಲ್ಲಿ ಸಾರಿತು. ಆ ವರ್ಷ ಪ್ರತಿಸ್ಪರ್ಧಿಯಾದ ಷೆವರ್ಲೆ ಗಾಡಿಗಳೇ ಹೆಚ್ಚು ಮಾರಾಟವಾದವು. ಕ್ಷೇಮವೆಂಬುದು ಮಾರಾಟವಾಗುವ ಸರಕಲ್ಲ ಎಂಬ ಮಾತು ಅಂದಿನಿಂದ ಡೆಟ್ರಾಯಿಟ್ ನಗರದ ಕಾರ್ಖಾನೆಗಳಲ್ಲಿ ಗಾದೆಯಂತೆ ನೆಲೆಗೊಂಡಿತು. ಮುಂದೆ ನಡೆದದ್ದನ್ನು ತಿಳಿಯಲು ಈ ಗಾದೆಯು ಒಂದು ಕೀಲಿಕೈ.

ಇಷ್ಟರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಮೊದಲಾದ ಚಿಕ್ಕ ಗಾಡಿಗಳು ಸಮುದ್ರ ದಾಟಿ ಬಂದವು. 1959ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಹೊಸ ಗಾಡಿಗಳಲ್ಲಿ ಹೆಚ್ಚುಕಡಮೆ ಹತ್ತಕ್ಕೊಂದು ವಿದೇಶದ್ದು. ಇದನ್ನು ಕಂಡು ಅಲ್ಲಿಯ ಮೂರು ದೊಡ್ಡ ಸಂಸ್ಥೆಗಳು ಅದೇ ವರ್ಷದ ಶರತ್ಕಾಲದಲ್ಲಿ ಮೂರು ಚಿಕ್ಕ ಗಾಡಿಗಳನ್ನು ಹೊರತಂದವು: ಜನರಲ್ ಮೋಟಾರ್ಸಿನ ಷೆವರ್ಲೆ ಕಾರ್ವೇರ್, ಫೋರ್ಡ್ ಫಾಲ್ಕನ್, ಕ್ರೈಸ್ಲರಿನ ವೇಲಿಯಂಟ್. ಇವುಗಳಲ್ಲಿ ಹೊಸ ದಾರಿ ಹಿಡಿದದ್ದು ಕಾರ್ವೇರ್. ಹಳೆಯ ದಾರಿಯಲ್ಲೇ ನಡೆದದ್ದು ಫಾಲ್ಕನ್. ಎರಡರ ಕಥೆಯೂ ಬೋಧಪ್ರದವಾಗಿದೆ.

ಕಾರ್ವೇರ್ ಗಾಡಿಯ ಹಿಂದಿನ ಚಕ್ರ

ಷೆವರ್ಲೆ ವಿಭಾಗದ ಮುಖ್ಯಸ್ಥರಾಗಿದ್ದ ಎಡ್ ಕೋಲ್ ಎಂಬ ಎಂಜಿನಿಯರರ ಆಸೆಯ ಕೂಸು ಕಾರ್ವೇರ್. ಆರು ಸಿಲಿಂಡರಿನ, ಅಲ್ಯೂಮಿನಿಯಂ ಲೋಹದ, ನೀರಿನ ಬದಲು ಗಾಳಿಯಿಂದಲೇ ತಣಿಯುವ ಎಂಜಿನನ್ನು ಗಾಡಿಯ ಹಿಂಭಾಗದಲ್ಲಿ ಕೂರಿಸಿದ್ದರು. ಅಮೆರಿಕದ ದೊಡ್ಡ ಕಾರ್ಖಾನೆಗಳಿಗೆ ಇದು ಹೊಸ ಸಾಹಸ. ಎಂಜಿನು ಹಿಂದಕ್ಕೆ ಹೋದುದರಿಂದ ಗಾಡಿಯ ಭಾರದಲ್ಲಿ ನೂರಕ್ಕೆ ಅರವತ್ತು ಪಾಲಿಗೂ ಹೆಚ್ಚು ಹಿಂದಿನ ಚಕ್ರಗಳ ಮೇಲೆ ಬಿದ್ದಿತು.

ಹಿಂದಿನ ಚಕ್ರಗಳಿಗೆ ಒಂದೇ ಗಟ್ಟಿ ಅಚ್ಚಿನ ಬದಲು ತೂಗಾಡುವ ಅರೆ ಅಚ್ಚುಗಳನ್ನು ಇಟ್ಟರು. ಇದಕ್ಕೆ 'ಸ್ವಿಂಗ್ ಆಕ್ಸಲ್' ಎಂದು ಹೆಸರು. ಆಸ್ಟ್ರಿಯಾದ ಎಡ್ಮಂಡ್ ರುಂಪ್ಲರ್ 1903ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದನು. ಫೋಕ್ಸ್‌ವ್ಯಾಗನ್ನಿನಲ್ಲಿಯೂ ಇದೇ ಏರ್ಪಾಡು. ಇದರ ಗುಣದೋಷವನ್ನು ತರಗತಿಯಲ್ಲಿಯೇ ತೋರಿಸಬಹುದು. ಒಬ್ಬ ವಿದ್ಯಾರ್ಥಿಯು ತೋಳುಗಳೆರಡನ್ನೂ ಪಕ್ಕಕ್ಕೆ ಚಾಚಿ, ಬೆರಳುಗಳು ನೆಲದ ಕಡೆಗೆ ತಿರುಗುವಂತೆ ಅಂಗೈಗಳನ್ನು ಕೆಳಕ್ಕೆ ಬಾಗಿಸಿ ನಿಲ್ಲಲಿ. ಅವನ ಮೈ ಗಾಡಿಯ ಒಡಲು, ತೋಳುಗಳು ಅಚ್ಚುಗಳು, ಅಂಗೈಗಳು ಚಕ್ರಗಳು. ಹೆಗಲಿನಲ್ಲಿ ಕೀಲುಂಟು; ಮಣಿಕಟ್ಟಿನಲ್ಲಿ ಕೀಲಿಲ್ಲವೆಂದು ಭಾವಿಸಿ ಅದನ್ನು ಬಿಗಿಯಾಗಿ ಹಿಡಿದುಕೊಳ್ಳಲಿ. ಈಗ ತೋಳನ್ನು ಕೆಳಕ್ಕೆ ಇಳಿಸಿದರೆ ಬೆರಳಿನ ತುದಿಗಳು ಮೈಯ ಕಡೆಗೆ, ಒಳಕ್ಕೆ ಸರಿಯುತ್ತವೆ. ಚಕ್ರದ ಅಡಿಯೂ ಹೀಗೆಯೇ ಒಳಕ್ಕೆ ಮಡಿಯುತ್ತದೆ.

ಹಳ್ಳದಿಣ್ಣೆಗಳ ದಾರಿಯಲ್ಲಿ ಒಂದು ಚಕ್ರದ ಪೆಟ್ಟು ಇನ್ನೊಂದಕ್ಕೆ ತಗಲದಿರುವುದು ಇದರ ಗುಣ. ದೋಷವು ಕಾಣುವುದು ವೇಗದ ತಿರುವಿನಲ್ಲಿ. ಆಗ ಹೊರಗಡೆಯ ಹಿಂದಿನ ಚಕ್ರದ ಮೇಲೆ ಭಾರವೆಲ್ಲ ಬೀಳುತ್ತದೆ. ನೆಲವು ಆ ಚಕ್ರವನ್ನು ಪಕ್ಕದಿಂದ ಒತ್ತುತ್ತದೆ. ಆ ಒತ್ತಡವು ಗಾಡಿಯ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ಒಡಲು ಮೇಲೆದ್ದಂತೆ ಚಕ್ರದ ಅಡಿಯು ಒಳಕ್ಕೆ ಮಡಿಯುತ್ತದೆ, ಟಯರಿನ ಅಂಚು ಮಾತ್ರ ನೆಲಕ್ಕೆ ತಾಗುತ್ತದೆ. ಹಿಡಿತವು ತಟ್ಟನೆ ತಪ್ಪಿ ಗಾಡಿಯ ಹಿಂಭಾಗವು ಹೊರಕ್ಕೆ ಬೀಸುತ್ತದೆ. ಮೊದಲೇ ಹಿಂಭಾಗದಲ್ಲಿ ಭಾರ ಹೆಚ್ಚಾದುದರಿಂದ ಬೀಸಿನ ಬಲವೂ ಹೆಚ್ಚು. ದೊಡ್ಡ ಅಮೆರಿಕನ್ ಗಾಡಿಯಲ್ಲಿ ತಿರುವು ತಪ್ಪಿದರೆ ಗಾಡಿಯು ಮುಂದಕ್ಕೆ ಜಾರುತ್ತಿತ್ತು. ಅದಕ್ಕೆ ಒಗ್ಗಿಹೋಗಿದ್ದ ಗೃಹಸ್ಥನಿಗೆ ಹಿಂಭಾಗವು ತಿರುಗಿ ಬರುವುದೆಂದರೆ ಸಂಪೂರ್ಣ ಹೊಸ ಅನುಭವ.

ಈ ದೋಷವು ಹೊರತಂದವರಿಗೆ ತಿಳಿಯದ ವಿಷಯವೇ? ಇಲ್ಲ. ಅದೇ ಜನರಲ್ ಮೋಟಾರ್ಸಿನಲ್ಲಿದ್ದ, ಸ್ಪ್ರಿಂಗು ಮತ್ತು ತಿರುವುಗಳ ಶಾಸ್ತ್ರದಲ್ಲಿ ಜಗತ್ತೇ ಗೌರವಿಸುತ್ತಿದ್ದ ಮಾರಿಸ್ ಓಲಿ ಅವರು, ಎಂಜಿನು ಹಿಂದಿದ್ದು ತೂಗಾಡುವ ಅಚ್ಚುಳ್ಳ ಗಾಡಿಗಳನ್ನು 1953ರಲ್ಲಿಯೇ ಒಂದು ಪ್ರಬಂಧದಲ್ಲಿ ಕಟುವಾಗಿ ವಿಮರ್ಶಿಸಿದ್ದರು. ದೋಷವನ್ನು ಹದ್ದಿನಲ್ಲಿಡುವ ಉಪಾಯವೂ ತಿಳಿದಿತ್ತು. ಮುಂದಿನ ಚಕ್ರಗಳೆರಡನ್ನೂ ಜೋಡಿಸುವ ಒಂದು ಉಕ್ಕಿನ ಸಲಾಕೆಯನ್ನು ಅಡ್ಡಲಾಗಿ ಹಾಕಿದರೆ ಗಾಡಿಯ ಒಲೆದಾಟವು ಕಡಮೆಯಾಗಿ, ತಿರುವಿನ ಹೊರೆಯಲ್ಲಿ ಹೆಚ್ಚಿನ ಪಾಲನ್ನು ಮುಂದಿನ ಚಕ್ರಗಳು ಹೊರುತ್ತವೆ; ಹಿಂದಿನ ಚಕ್ರಗಳಿಗೆ ವಿರಾಮ ದೊರೆಯುತ್ತದೆ.

1960ರ ಗಾಡಿಯಲ್ಲಿ ಆ ಸಲಾಕೆಯನ್ನು ಹಾಕಲಿಲ್ಲ. ಅದರ ಬದಲು ಟಯರುಗಳ ಗಾಳಿಯನ್ನು ನೆಚ್ಚಿಕೊಂಡರು. ಮುಂದಿನ ಟಯರುಗಳಿಗೆ ಚದರ ಅಂಗುಲಕ್ಕೆ 15 ಪೌಂಡು, ಹಿಂದಿನವಕ್ಕೆ 26 ಪೌಂಡು ಗಾಳಿ ತುಂಬಬೇಕೆಂದು ಗಾಡಿಯ ಜೊತೆಗೆ ಕೊಟ್ಟ ಕೈಪಿಡಿಯಲ್ಲಿ ಅಚ್ಚು ಹಾಕಿಸಿದರು. ಮುಂದಿನ ಟಯರು ಮೆತ್ತಗಿದ್ದರೆ ಗಾಡಿಯ ಮೂಗು ತಿರುವಿಗೆ ನಿಧಾನವಾಗಿ ಒಲಿಯುತ್ತದೆ. ಹಿಂಭಾಗವು ಬೀಸುವುದು ಅಷ್ಟರಮಟ್ಟಿಗೆ ತಡವಾಗುತ್ತದೆ. ಲೆಕ್ಕಾಚಾರ ಸರಿಯಾದದ್ದೇ. ಆದರೆ ನಾಲ್ಕು ಟಯರಿಗೂ ಒಂದೇ ಸಮನಾಗಿ ಗಾಳಿ ತುಂಬಿಸುವುದು ಲೋಕದ ರೂಢಿ. ಪೆಟ್ರೋಲು ಬಂಕಿನ ಹುಡುಗನು ರೂಢಿಯಂತೆ ಸಮನಾಗಿ ತುಂಬಿಸಿದರೆ, ಎಂಜಿನಿಯರನು ಕಾಗದದ ಮೇಲೆ ಕಟ್ಟಿದ ರಕ್ಷಣೆಯು ಅಲ್ಲಿಯೇ ಕುಸಿಯುತ್ತಿತ್ತು. ಒಂದು ಕುಟುಂಬದ ಪ್ರಾಣವು ಆ ಹುಡುಗನ ನೆನಪಿನ ಮೇಲೆ ನಿಂತಿತೆನ್ನಬಹುದು.

ಮುಂದೆ ಜನರಲ್ ಮೋಟಾರ್ಸಿನ ಉನ್ನತ ಅಧಿಕಾರಿಯಾಗಿದ್ದ ಜಾನ್ ಡೆಲೋರಿಯನ್ ಅವರ ಅನುಭವಗಳನ್ನು ಆಧರಿಸಿ 1979ರಲ್ಲಿ ಪ್ರಕಟವಾದ ಗ್ರಂಥವು ಒಂದು ಸಂಗತಿಯನ್ನು ಹೇಳುತ್ತದೆ: ಸಲಾಕೆಗೆ ಗಾಡಿಯೊಂದಕ್ಕೆ ಸುಮಾರು 15 ಡಾಲರು ಖರ್ಚು, ಅದು ದುಬಾರಿಯೆಂದು ಮೇಲಿನವರು ತಳ್ಳಿಹಾಕಿದ್ದರು, 1961ರಲ್ಲಿ ಷೆವರ್ಲೆ ವಿಭಾಗದ ಮುಖ್ಯಸ್ಥರಾಗಿ ಬಂದ ಬಂಕಿ ನುಡ್‌ಸೆನ್ ಅವರು ರಾಜೀನಾಮೆಯ ಬೆದರಿಕೆ ಹಾಕಿದ ಮೇಲೆ ಒಪ್ಪಿಗೆ ದೊರೆಯಿತು. 1964ರ ಗಾಡಿಗಳಲ್ಲಿ ಮುಂದಕ್ಕೆ ಸಲಾಕೆಯೂ ಹಿಂದಕ್ಕೆ ಅಡ್ಡಲಾದ ಪಟ್ಟಿ ಸ್ಪ್ರಿಂಗೂ ಬಂದವು. 1965ರ ಗಾಡಿಯಲ್ಲಿ ಹಿಂಭಾಗದ ರಚನೆಯೇ ಬದಲಾಗಿ, ನಮ್ಮ ವಿದ್ಯಾರ್ಥಿಯ ಮಣಿಕಟ್ಟಿಗೂ ಒಂದು ಕೀಲು ಬಂದಂತಾಯಿತು. ತೂಗಾಡುವ ಚಕ್ರವು ಇನ್ನು ಮಡಿಯುವಂತಿರಲಿಲ್ಲ. ಇಂತಹ ಕೀಲುಳ್ಳ ರಚನೆಯನ್ನು ಅದೇ ವಿಭಾಗವು ತನ್ನ ಬೆಲೆಯುಳ್ಳ ಕಾರ್ವೆಟ್ ಗಾಡಿಗೆ 1963ರಲ್ಲಿಯೇ ಅಳವಡಿಸಿತ್ತೆಂಬುದು ಗಮನಾರ್ಹ. ಸಿರಿವಂತನ ಆಟದ ಗಾಡಿಗೆ ಮೊದಲು ಬಂದ ವಿದ್ಯೆ ಸಂಸಾರಸ್ಥನ ಗಾಡಿಗೆ ಎರಡು ವರ್ಷ ತಡವಾಗಿ ಬಂದಿತು.

ಫಾಲ್ಕನ್ನಿನಿಂದ ಮಸ್ಟಾಂಗಿಗೆ

ಫೋರ್ಡ್ ಫಾಲ್ಕನ್ ಯಾವ ಸಾಹಸಕ್ಕೂ ಕೈಹಾಕಲಿಲ್ಲ. ಮುಂದೆ ಎಂಜಿನು, ಹಿಂದೆ ಗಟ್ಟಿ ಅಚ್ಚು, ಪಟ್ಟಿ ಸ್ಪ್ರಿಂಗು, ಚಿಕ್ಕ ಡ್ರಮ್ ಬ್ರೇಕು: ಎಲ್ಲವೂ ಪರಿಚಿತವಾದದ್ದೇ. ಮುಂದೆ ಅಮೆರಿಕದ ರಕ್ಷಣಾ ಮಂತ್ರಿಯಾಗಿ ಹೆಸರಾದ ರಾಬರ್ಟ್ ಮ್ಯಾಕ್‌ನಮಾರಾ ಅವರು ಅಂದು ಫೋರ್ಡ್ ಸಂಸ್ಥೆಯಲ್ಲಿದ್ದು ಈ ಮಿತವ್ಯಯದ ಗಾಡಿಯ ಬೆನ್ನಿಗೆ ನಿಂತಿದ್ದರು. ಮೊದಲ ವರ್ಷವೇ ಫಾಲ್ಕನ್ ನಾಲ್ಕು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಕಾರ್ವೇರ್ ಎರಡೂವರೆ ಲಕ್ಷದಷ್ಟು. ಹೊಸತನವನ್ನು ತಂದವನು ಹಿಂದೆ ಬಿದ್ದನು, ಹಳತನ್ನೇ ಅಗ್ಗವಾಗಿ ಕೊಟ್ಟವನು ಗೆದ್ದನು. 90 ಅಶ್ವಶಕ್ತಿಯ ಸಾಧು ಎಂಜಿನಿಗೆ ಆ ಅಚ್ಚೂ ಆ ಬ್ರೇಕೂ ಸಾಕಾಗಿದ್ದವು.

1964ರ ಏಪ್ರಿಲ್ 17ರಂದು ಇದೇ ಫಾಲ್ಕನ್ನಿನ ಅಡಿಗಟ್ಟಿನ ಮೇಲೆ ಉದ್ದನೆಯ ಮೂಗು, ಮೊಟಕು ಬೆನ್ನಿನ ಒಂದು ಸುಂದರ ಗಾಡಿಯನ್ನು ನ್ಯೂಯಾರ್ಕಿನ ವಿಶ್ವ ಪ್ರದರ್ಶನದಲ್ಲಿ ಫೋರ್ಡ್ ಸಂಸ್ಥೆಯು ಬಿಡುಗಡೆ ಮಾಡಿತು. ಅದರ ಹೆಸರು ಮಸ್ಟಾಂಗ್. ಬೆಲೆ 2,368 ಡಾಲರು. ಲೀ ಐಯಕೋಕ ಅವರ ಮುಂದಾಳುತನದಲ್ಲಿ ಬಂದ ಈ ಗಾಡಿಗೆ ಮೊದಲ ದಿನವೇ 22,000 ಬೇಡಿಕೆಗಳು ಬಂದವು. ಎರಡು ವರ್ಷ ತುಂಬುವುದರೊಳಗೆ ಹತ್ತು ಲಕ್ಷ ಗಾಡಿಗಳು ತಯಾರಾದವು. ಫಾಲ್ಕನ್ನಿಗೆಂದು ಯೋಜಿಸಿದ ಅಡಿಗಟ್ಟಿನ ಮೇಲೆ ಎಂಟು ಸಿಲಿಂಡರಿನ ಭಾರವಾದ ಎಂಜಿನನ್ನು ಕೂರಿಸಿದುದರಿಂದ ಮೂಗು ಭಾರವಾಯಿತು. ತಿರುವಿನಲ್ಲಿ ಸ್ಟಿಯರಿಂಗನ್ನು ಎಷ್ಟು ತಿರುಗಿಸಿದರೂ ಗಾಡಿಯು ನೇರವಾಗಿ ಹೋಗಲು ಹವಣಿಸುತ್ತಿತ್ತು. ಇನ್ನೊಂದು ತೊಂದರೆ ಹಿಂದೆ. ಒಮ್ಮೆಗೇ ಎಂಜಿನಿನ ಬಲವು ಅಚ್ಚಿಗೆ ಬಂದಾಗ ಅಚ್ಚು ತಾನೇ ತಿರುಚಿಕೊಳ್ಳಲು ಯತ್ನಿಸುತ್ತದೆ, ಪಟ್ಟಿ ಸ್ಪ್ರಿಂಗು ಸೊಟ್ಟಗೆ ಬಳುಕುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಈ ಬಳುಕಾಟದಲ್ಲಿ ಹಿಂದಿನ ಚಕ್ರಗಳು ನೆಲದ ಮೇಲೆ ಕುಪ್ಪಳಿಸತೊಡಗುತ್ತವೆ. ಕುಪ್ಪಳಿಸುವ ಚಕ್ರಕ್ಕೆ ಹಿಡಿತವಿಲ್ಲ.

ಇಲ್ಲಿಯೂ ಮದ್ದು ಗೊತ್ತಿತ್ತು. ಕ್ಯಾಲಿಫೋರ್ನಿಯಾದ ಕ್ಯಾರೊಲ್ ಷೆಲ್ಬಿ ಎಂಬ ಹಿಂದಿನ ಪಂದ್ಯಗಾರನು 1965ರಲ್ಲಿ ಇದೇ ಮಸ್ಟಾಂಗನ್ನು ತಿದ್ದಿ 'ಜಿ.ಟಿ. 350' ಎಂಬ ಗಾಡಿಯನ್ನು ಮಾಡಿದನು. ಮುಂದಿನ ಚಕ್ರದ ಮೇಲ್ತೋಳಿನ ಕೀಲನ್ನು ಒಂದು ಅಂಗುಲದಷ್ಟು ಕೆಳಕ್ಕೆ ಇಳಿಸಿದರು; ದಪ್ಪನೆಯ ಸಲಾಕೆ ಹಾಕಿದರು; ಎಂಜಿನಿನ ಕೋಣೆಗೆ ಅಡ್ಡ ಆಸರೆ ಕೊಟ್ಟರು; ಅಚ್ಚು ತಿರುಚಿಕೊಳ್ಳದಂತೆ ಎರಡು ಉಕ್ಕಿನ ತೋಳುಗಳನ್ನು ಜೋಡಿಸಿದರು; ಮುಂದಕ್ಕೆ ಡಿಸ್ಕ್ ಬ್ರೇಕು, ಒಳ್ಳೆಯ ಷಾಕ್ ಅಬ್ಸಾರ್ಬರು ಇಟ್ಟರು. ಗಾಡಿಯು ಪಂದ್ಯಗಳನ್ನು ಗೆದ್ದಿತು. ತಿದ್ದುಪಡಿಗಳಲ್ಲಿ ಯಾವುದೂ ಮಾಂತ್ರಿಕವಲ್ಲ; ಒಂದು ಕೀಲಿಗೆ ಹೊಸ ತೂತು ಕೊರೆಯುವಷ್ಟು ಸರಳವಾದವು ಅವುಗಳಲ್ಲಿದ್ದವು. ಆದರೆ 1965ರಲ್ಲಿ ಹೀಗೆ ತಿದ್ದಿದ ಗಾಡಿಗಳು 562 ಮಾತ್ರ. ಉಳಿದ ಲಕ್ಷಾಂತರ ಗಾಡಿಗಳು ತಿದ್ದದೆಯೇ ಮಾರಾಟವಾದವು.

ಮಹಾಬಲದ ಗಾಡಿಗಳು

ಅದೇ 1964ರ ಮಾದರಿಗಳಲ್ಲಿ ಜನರಲ್ ಮೋಟಾರ್ಸಿನ ಪಾಂಟಿಯಾಕ್ ವಿಭಾಗವು ಇನ್ನೊಂದು ಹೊಸ ಪರಂಪರೆಗೆ ನಾಂದಿ ಹಾಡಿತು. ನಡುಗಾತ್ರದ ಗಾಡಿಗಳಲ್ಲಿ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನನ್ನು ಹಾಕಬಾರದೆಂದು ಸಂಸ್ಥೆಯ ಕಟ್ಟಳೆ. ಮೇಲೆ ಹೇಳಿದ ಡೆಲೋರಿಯನ್ ಮತ್ತು ಅವರ ಸಂಗಡಿಗರು ದೊಡ್ಡ ಗಾಡಿಗೆಂದು ಮೀಸಲಾಗಿದ್ದ 389 ಘನ ಅಂಗುಲದ ಎಂಜಿನನ್ನು ನಡುಗಾತ್ರದ ಗಾಡಿಗೆ 'ಐಚ್ಛಿಕ ಜೋಡಣೆ' ಎಂಬ ಹೆಸರಿನಲ್ಲಿ ಸೇರಿಸಿ ಕಟ್ಟಳೆಯಿಂದ ನುಣುಚಿಕೊಂಡರು. ಜಿ.ಟಿ.ಓ. ಎಂಬ ಈ ಗಾಡಿಗೆ 325 ಅಶ್ವಶಕ್ತಿ. ಇನ್ನೂ ಬೇಕೆಂದವರಿಗೆ 348. ಮೊದಲ ವರ್ಷ 32,000ಕ್ಕೂ ಹೆಚ್ಚು ಗಾಡಿಗಳು ಮಾರಾಟವಾದವು. ಪ್ರತಿಸ್ಪರ್ಧಿಗಳೆಲ್ಲರೂ ಇದೇ ಜಾಡನ್ನು ಹಿಡಿದರು. 1966ರಲ್ಲಿ ಕ್ರೈಸ್ಲರ್ ಸಂಸ್ಥೆಯು 426 ಘನ ಅಂಗುಲದ, 425 ಅಶ್ವಶಕ್ತಿಯ 'ಹೆಮಿ' ಎಂಜಿನನ್ನು ಸಾಧಾರಣ ಗಾಡಿಗಳಿಗೂ ಒದಗಿಸಿತು.

ಎಂಜಿನು ಹೀಗೆ ಬೆಳೆಯಿತು, ಬ್ರೇಕು ಬೆಳೆಯಲಿಲ್ಲ. ಸುಮಾರು 3,500 ಪೌಂಡು ತೂಗುವ ಮೊದಲ ಜಿ.ಟಿ.ಓ. ಗಾಡಿಯನ್ನು ನಿಲ್ಲಿಸಬೇಕಾದದ್ದು ಒಂಬತ್ತೂವರೆ ಅಂಗುಲದ ಡ್ರಮ್ ಬ್ರೇಕುಗಳು. ವೇಗದಲ್ಲಿ ಎರಡು ಮೂರು ಸಲ ಒತ್ತಿದರೆ ಡ್ರಮ್ಮು ಕಾದು ಬ್ರೇಕು ಹಿಡಿಯುವುದೇ ಕಡಮೆಯಾಗುತ್ತಿತ್ತು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ದೊರೆತದ್ದು 1967ರಲ್ಲಿ. ಅದೂ ಹೆಚ್ಚು ಹಣ ಕೊಟ್ಟವರಿಗೆ. ಇಂಗ್ಲೆಂಡಿನ ಜಾಗ್ವಾರ್ ಈ-ಟೈಪ್ ಗಾಡಿಯು 1961ರಲ್ಲಿಯೇ ನಾಲ್ಕು ಚಕ್ರಗಳಿಗೂ ಡಿಸ್ಕ್ ಬ್ರೇಕನ್ನೂ ಹಿಂದಿನ ಚಕ್ರಗಳಿಗೆ ಬಿಡಿ ಅಚ್ಚುಗಳನ್ನೂ ಪಡೆದಿತ್ತು. 1967ರಲ್ಲಿ ಮಸ್ಟಾಂಗಿಗೆ ಎದುರಾಗಿ ಬಂದ ಷೆವರ್ಲೆ ಕಮಾರೊ ಗಾಡಿಯ ಹಿಂಭಾಗದಲ್ಲಿ ಹಲವು ಪಟ್ಟಿಗಳ ಬದಲು ಒಂದೇ ಪಟ್ಟಿಯ ಸ್ಪ್ರಿಂಗನ್ನು ಹಾಕಿದರು. ಬಲಿಷ್ಠ ಎಂಜಿನಿನ ಗಾಡಿಗಳಲ್ಲಿ ಚಕ್ರಗಳು ಕುಪ್ಪಳಿಸತೊಡಗಿದವು. ಮರುವರ್ಷ ಅಂತಹ ಗಾಡಿಗಳಿಗೆ ಹಲವು ಪಟ್ಟಿಗಳನ್ನು ಮರಳಿ ಕೊಟ್ಟು, ಷಾಕ್ ಅಬ್ಸಾರ್ಬರುಗಳಲ್ಲಿ ಒಂದನ್ನು ಅಚ್ಚಿನ ಮುಂದಕ್ಕೂ ಒಂದನ್ನು ಹಿಂದಕ್ಕೂ ಕೂರಿಸಿ ಸರಿಪಡಿಸಿದರು.

ಗಿರಾಕಿಗಳು ಇದನ್ನೆಲ್ಲ ಏಕೆ ಸಹಿಸಿದರು? ಅವರು ಗಾಡಿಯ ಯೋಗ್ಯತೆಯನ್ನು ಕಾಲು ಮೈಲಿಯ ನೇರ ಓಟದಿಂದ ಅಳೆಯುತ್ತಿದ್ದರು. ಡೆಟ್ರಾಯಿಟಿನ ವುಡ್‌ವರ್ಡ್ ಬೀದಿಯಲ್ಲಿ ಒಂದು ಸಿಗ್ನಲ್ ದೀಪದಿಂದ ಇನ್ನೊಂದಕ್ಕೆ ಯಾರು ಮೊದಲು ಮುಟ್ಟುವರೆಂಬುದೇ ಯುವಕರ ಪಂಥ. ಆ ಅಳತೆಗೋಲಿಗೆ ತಿರುವು ಸಿಕ್ಕುವುದಿಲ್ಲ. ಪರೀಕ್ಷೆಯಲ್ಲಿ ಕೇಳದ ಪಾಠವನ್ನು ಓದದ ವಿದ್ಯಾರ್ಥಿಯಂತೆ ಕಾರ್ಖಾನೆಯೂ ನಡೆದುಕೊಂಡಿತು.

ಒಬ್ಬ ವಕೀಲ, ಒಂದು ಪುಸ್ತಕ, ಒಂದು ಶಾಸನ

1965ರ ನವೆಂಬರ್ 30ರಂದು 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಎಂಬ ಪುಸ್ತಕವು ಪ್ರಕಟವಾಯಿತು. ಯಾವ ವೇಗದಲ್ಲಿಯೂ ಅಪಾಯವೇ ಎಂಬುದು ಹೆಸರಿನ ತಾತ್ಪರ್ಯ. ಲೇಖಕರು ಲೆಬನಾನಿನಿಂದ ವಲಸೆ ಬಂದ ದಂಪತಿಗಳ ಮಗ, ಮೂವತ್ತೊಂದು ವರ್ಷದ ವಕೀಲ ರಾಲ್ಫ್ ನೇಡರ್. ಮೊದಲ ಅಧ್ಯಾಯವೇ ಕಾರ್ವೇರ್ ಗಾಡಿಯನ್ನು ಕುರಿತದ್ದು. ಗಾಡಿಯನ್ನು ತಿದ್ದಿ ಆಗಲೇ ಒಂದು ವರ್ಷ ಕಳೆದಿತ್ತು. ಆದರೆ ತಿದ್ದದ ಹಳೆಯ ಗಾಡಿಗಳು ಹತ್ತು ಲಕ್ಷಕ್ಕೂ ಮಿಕ್ಕಿ ತಯಾರಾಗಿ ಜನರ ಕೈ ಸೇರಿದ್ದವು. ಸಂಸ್ಥೆಯ ಮೇಲೆ ನೂರಕ್ಕೂ ಹೆಚ್ಚು ಮೊಕದ್ದಮೆಗಳಿದ್ದವು.

ಅಲ್ಲಿಯವರೆಗೆ ಅಪಘಾತವಾದರೆ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಓಡಿಸುತ್ತಿದ್ದವನ ತಪ್ಪೇನು? ನೇಡರ್ ಇನ್ನೊಂದು ಪ್ರಶ್ನೆಯನ್ನು ಎತ್ತಿದರು: ತಯಾರಿಸಿದವನ ತಪ್ಪೇನು? ಸಾಮಾನ್ಯ ಮನುಷ್ಯನು ತಪ್ಪು ಮಾಡುವನೆಂಬುದು ತಿಳಿದೇ ಇರುವಾಗ, ಆ ತಪ್ಪು ಪ್ರಾಣಾಂತಿಕವಾಗದಂತೆ ಗಾಡಿಯನ್ನು ರಚಿಸಬೇಡವೇ?

ಪ್ರಶ್ನೆಗೆ ಉತ್ತರ ಕೊಡುವ ಬದಲು ಜನರಲ್ ಮೋಟಾರ್ಸ್ ಪ್ರಶ್ನಿಸಿದವನ ಬೆನ್ನು ಹತ್ತಿತು. ಖಾಸಗಿ ಪತ್ತೇದಾರರನ್ನು ನೇಮಿಸಿ ಅವರ ನಡತೆಯಲ್ಲಿ ಕಳಂಕವಿದೆಯೇ ಎಂದು ಹುಡುಕಿಸಿತು. ವಿಷಯವು ಬಯಲಾಗಿ, 1966ರ ಮಾರ್ಚ್ 22ರಂದು ಸೆನೆಟಿನ ಉಪಸಮಿತಿಯ ಮುಂದೆ, ಅಧ್ಯಕ್ಷ ರಿಬಿಕಾಫ್ ಅವರ ಎದುರಿನಲ್ಲಿ, ಸಂಸ್ಥೆಯ ಅಧ್ಯಕ್ಷ ಜೇಮ್ಸ್ ರೋಚ್ ಅವರು ಕ್ಷಮೆ ಯಾಚಿಸಬೇಕಾಯಿತು. ನೇಡರ್ ಹೂಡಿದ ದಾವೆಯು 1970ರಲ್ಲಿ 4,25,000 ಡಾಲರಿಗೆ ರಾಜಿಯಾಯಿತು.

1966ರ ಸೆಪ್ಟೆಂಬರ್ 9ರಂದು ರಾಷ್ಟ್ರಾಧ್ಯಕ್ಷ ಜಾನ್‌ಸನ್ ಅವರು ಮೋಟಾರು ವಾಹನ ಕ್ಷೇಮ ಶಾಸನಕ್ಕೆ ಸಹಿ ಹಾಕಿದರು. ಗಾಡಿಯು ಹೇಗಿರಬೇಕೆಂದು ವಿಧಿಸುವ ಅಧಿಕಾರವು ಮೊದಲ ಬಾರಿಗೆ ಇಡೀ ದೇಶದ ಸರ್ಕಾರಕ್ಕೆ ಬಂದಿತು. ಎರಡು ಬೇರೆ ಬೇರೆ ಕೊಳವೆಗಳ ಬ್ರೇಕು, ಸೊಂಟದ ಪಟ್ಟಿ, ಡಿಕ್ಕಿಯಾದಾಗ ಎದೆಗೆ ಚುಚ್ಚದೆ ಕುಗ್ಗುವ ಸ್ಟಿಯರಿಂಗು ಕಂಬ ಇವು 1968ರಿಂದ ಕಡ್ಡಾಯವಾದವು. ಆ ವರ್ಷ, ಅಂದರೆ 1966ರಲ್ಲಿ, ಅಮೆರಿಕದ ದಾರಿಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನರು ಸತ್ತಿದ್ದರು. ಗಾಡಿಗಳು ಓಡಿದ ಪ್ರತಿ ಹತ್ತು ಕೋಟಿ ಮೈಲಿಗೆ ಐದಕ್ಕೂ ಹೆಚ್ಚು ಸಾವುಗಳೆಂದು ಲೆಕ್ಕ. 2014ರಲ್ಲಿ ಅದೇ ಲೆಕ್ಕವು ಒಂದಕ್ಕಿಂತ ತುಸು ಹೆಚ್ಚಿನ ಮಟ್ಟಕ್ಕೆ ಇಳಿದಿತ್ತು. ದಾರಿ, ವೈದ್ಯ, ಶಿಕ್ಷಣ ಎಲ್ಲಕ್ಕೂ ಇದರಲ್ಲಿ ಪಾಲುಂಟು, ಶಾಸನಕ್ಕೂ ಉಂಟು.

ನ್ಯಾಯದ ತಕ್ಕಡಿ

ಕಥೆಯನ್ನು ಇಲ್ಲಿಗೇ ಮುಗಿಸಿದರೆ ಒಬ್ಬ ದುಷ್ಟ, ಒಬ್ಬ ವೀರ ಎಂಬ ಪುರಾಣವಾದೀತು, ಚರಿತ್ರೆಯಾಗದು. 1971ರಲ್ಲಿ ಸರ್ಕಾರದ ಹೆದ್ದಾರಿ ಕ್ಷೇಮ ಇಲಾಖೆಯೇ 1963ರ ಕಾರ್ವೇರ್ ಗಾಡಿಯನ್ನು ಫಾಲ್ಕನ್, ವೇಲಿಯಂಟ್, ಫೋಕ್ಸ್‌ವ್ಯಾಗನ್, ರೆನೊ ಡೋಫೀನ್ ಗಾಡಿಗಳ ಜೊತೆಗೆ ಓಡಿಸಿ ಪರೀಕ್ಷಿಸಿತು. 1972ರ ಜುಲೈ ತಿಂಗಳಿನಲ್ಲಿ ವರದಿ ಬಂದಿತು: 1960ರಿಂದ 1963ರವರೆಗಿನ ಕಾರ್ವೇರ್ ತನ್ನ ಕಾಲದ ಇತರ ಗಾಡಿಗಳಿಗಿಂತ ಹೆಚ್ಚಾಗಿ ಹತೋಟಿ ತಪ್ಪುವಂತಹುದಾಗಲಿ ಮಗುಚುವಂತಹುದಾಗಲಿ ಅಲ್ಲ. ನೇಡರ್ ಅವರು ಈ ವರದಿಯನ್ನು ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಗಾಡಿಯ ಕಾಲವೇ ಮುಗಿದಿತ್ತು. 1965ರಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ತಯಾರಾಗಿದ್ದ ಕಾರ್ವೇರ್ 1969ರಲ್ಲಿ ಆರು ಸಾವಿರಕ್ಕೆ ಇಳಿದು, ಆ ವರ್ಷದ ಮೇ 14ರಂದು ನಿಂತುಹೋಯಿತು. ಪುಸ್ತಕದ ಏಟಿನಷ್ಟೇ ಮಸ್ಟಾಂಗಿನ ಏಟೂ ಅದಕ್ಕೆ ಬಿದ್ದಿತ್ತು.

ಈ ವರದಿಯಿಂದ ಕಾರ್ಖಾನೆಯು ನಿರ್ದೋಷಿಯೆಂದು ಸಾಧಿತವಾಯಿತೇ? ವರದಿಯ ಮಾತನ್ನು ನಾವು ಎಚ್ಚರದಿಂದ ಓದಬೇಕು. ಅದು ಹೋಲಿಸಿದ್ದು ಅದೇ ಕಾಲದ ಗಾಡಿಗಳೊಂದಿಗೆ. ತರಗತಿಯ ಎಲ್ಲರಿಗೂ ನೂರಕ್ಕೆ ಮೂವತ್ತು ಅಂಕ ಬಂದಿದ್ದರೆ, ಮೂವತ್ತು ಪಡೆದ ಹುಡುಗನು ಯಾರಿಗಿಂತಲೂ ದಡ್ಡನಲ್ಲವೆಂದು ಹೇಳಬಹುದು. ಅವನು ಪಾಠ ಕಲಿತಿದ್ದಾನೆಂದು ಹೇಳಲಾಗದು. ಕಾರ್ವೇರ್ ಒಂದೇ ಪಾಪಿಯಾಗಿರಲಿಲ್ಲ ಎಂಬುದು ಸತ್ಯ. ಓಟಕ್ಕೆ ಧಾರಾಳವಾಗಿ ಹಣ ಸುರಿದು ಹಿಡಿತಕ್ಕೆ ಕೈಬಿಗಿ ಹಿಡಿದದ್ದು ಅಂದಿನ ಉದ್ಯಮದ ಸಾಮಾನ್ಯ ಧರ್ಮವಾಗಿತ್ತೆಂಬುದೂ ಸತ್ಯ. ಹೊಸದನ್ನು ಮಾಡಹೊರಟ ಕಾರ್ವೇರ್ ಶಿಕ್ಷೆಗೆ ಗುರಿಯಾಯಿತು. ಹಳತನ್ನೇ ಹೊಳಪಿಸಿ ಅದರ ಮೇಲೆ ಬಲವನ್ನು ಹೇರಿದ ಗಾಡಿಗಳು ಕೀರ್ತಿಗೆ ಪಾತ್ರವಾದವು. ಲೋಕದ ತೀರ್ಪು ಹಲವು ವೇಳೆ ಹೀಗಿರುತ್ತದೆ. ಚರಿತ್ರೆಯನ್ನು ಓದುವವರು ಅದನ್ನು ಮರುವಿಚಾರಣೆ ಮಾಡಬೇಕಾಗುತ್ತದೆ.

ಮಹಾಬಲದ ಗಾಡಿಗಳ ಕಾಲವೂ ಬಹುದಿನ ನಡೆಯಲಿಲ್ಲ. ವಿಮೆಯ ದರ ಏರಿತು. ಹೊಗೆಯ ಮೇಲೆ ಕಾಯಿದೆ ಬಂದಿತು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದಾಗ ಪೆಟ್ರೋಲಿಗಾಗಿ ಸಾಲು ನಿಲ್ಲುವ ದಿನಗಳು ಬಂದವು. ಎಂಜಿನುಗಳು ಕುಗ್ಗಿದವು. ಅಚ್ಚಿನ ಸುಧಾರಣೆ ಮಾತ್ರ ಆಮೆಯ ನಡಿಗೆಯಲ್ಲಿ ಸಾಗಿತು. ಮಸ್ಟಾಂಗಿನ ಕೆಲವು ವಿಶೇಷ ಮಾದರಿಗಳನ್ನು ಬಿಟ್ಟರೆ ಉಳಿದೆಲ್ಲವೂ ಹಿಂದಿನ ಗಟ್ಟಿ ಅಚ್ಚನ್ನು ಕೈಬಿಟ್ಟದ್ದು 2015ರ ಮಾದರಿಯಲ್ಲಿ, ಹುಟ್ಟಿ ಐವತ್ತು ವರ್ಷ ಕಳೆದ ಮೇಲೆ. ಗಾಡಿಯು ತಿರುವಿನಲ್ಲಿ ಜಾರತೊಡಗಿದರೆ ಯಂತ್ರವೇ ಅರಿತು ಒಂದೊಂದು ಚಕ್ರದ ಬ್ರೇಕನ್ನು ಬೇರೆ ಬೇರೆಯಾಗಿ ಹಿಡಿದು ಸರಿದಾರಿಗೆ ತರುವ ಸಾಧನವು ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2011ರ ಸೆಪ್ಟೆಂಬರಿನಿಂದ. ಬಂಕಿನ ಹುಡುಗನ ನೆನಪಿನ ಮೇಲೆ ಹೊರಿಸಿದ್ದ ಹೊಣೆಯ ಒಂದು ಪಾಲು ಕಟ್ಟಕಡೆಗೆ ಗಾಡಿಯ ಮೇಲೆಯೇ ಬಂದಿತು.

ಈ ಚರಿತ್ರೆಯಿಂದ ನಮ್ಮ ವಿದ್ಯಾರ್ಥಿಗಳು ಗ್ರಹಿಸಬೇಕಾದದ್ದೇನು? ವಿದ್ಯೆಯಿದ್ದ ಮಾತ್ರಕ್ಕೆ ಅದು ಜನರನ್ನು ಮುಟ್ಟುವುದಿಲ್ಲ. ಓಲಿ ಅವರಿಗೆ 1953ರಲ್ಲಿ ತಿಳಿದಿದ್ದುದು ಸಂಸಾರಸ್ಥನ ಗಾಡಿಯನ್ನು ಪೂರ್ಣವಾಗಿ ಮುಟ್ಟಲು ಹನ್ನೆರಡು ವರ್ಷ ಬೇಕಾಯಿತು. ನಡುವೆ ನಿಂತದ್ದು ಅಜ್ಞಾನವಲ್ಲ. ಕೆಲವು ಡಾಲರುಗಳ ಲೆಕ್ಕ, ಕಣ್ಣಿಗೆ ಕಾಣುವುದನ್ನು ಮಾತ್ರ ಮೆಚ್ಚುವ ಗಿರಾಕಿಯ ಅಭಿರುಚಿ, ಕೇಳುವವರಿಲ್ಲವೆಂಬ ಧೈರ್ಯ. ಕಾರ್ಖಾನೆಯೊಳಗೆ ಹಟ ಹಿಡಿದವರು, ಹೊರಗೆ ಪ್ರಶ್ನೆ ಕೇಳಿದವರು, ಸಭೆಯಲ್ಲಿ ಶಾಸನ ಮಾಡಿದವರು ಎಲ್ಲರೂ ಸೇರಿದಾಗ ಮಾತ್ರ ಆ ತಡೆಯು ಕರಗಿತು. ಯಾವುದೇ ಯಂತ್ರವನ್ನು ಕಂಡಾಗ ಅದು ಎಷ್ಟು ವೇಗವಾಗಿ ಓಡುತ್ತದೆ ಎಂದು ಕೇಳುವುದು ಬಾಲಸಹಜವಾದ ಕುತೂಹಲ. ಅದು ತಿರುವಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ, ಬೇಕೆಂದಾಗ ಹೇಗೆ ನಿಲ್ಲುತ್ತದೆ ಎಂದು ಕೇಳುವುದು ಕಲಿತವರ ಲಕ್ಷಣ. ಮೊದಲನೆಯ ಪ್ರಶ್ನೆಯೊಂದಿಗೆ ಎರಡನೆಯದನ್ನೂ ಕೇಳುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸಿದರೆ ನಮ್ಮ ಚರಿತ್ರೆಯ ಪಾಠವೂ ವಿಜ್ಞಾನದ ಪಾಠವೂ ಏಕಕಾಲದಲ್ಲಿ ಸಾರ್ಥಕವಾಗುವುವು.